ಪೆಸಹದ ಸಂಜೆ ದೇವಕಿಯಕ್ಕ ಎರಡು ಸಲ ಬಂದರು

2025ರ ಏಪ್ರಿಲ್ 17, ಗುರುವಾರ. ಮಧ್ಯಾಹ್ನ ಮೂರೂಕಾಲಕ್ಕೆ ಇದನ್ನು ಬರೆಯಲು ಕುಳಿತೆ. ಅಡುಗೆಮನೆಯಲ್ಲಿ ಅಮ್ಮ ಪೆಸಹ ಅಪ್ಪಂ ಬೇಯಲಿಕ್ಕೆ ಇಟ್ಟಿದ್ದಾಳೆ. ಅಕ್ಕಿಹಿಟ್ಟು, ಅರೆದ ಉದ್ದು, ಬೆಳ್ಳುಳ್ಳಿ, ತೆಂಗಿನಕಾಯಿ ಎಲ್ಲ ಸೇರಿ ಬಾಳೆಲೆಯ ಮೇಲೆ ಹಬೆಯಲ್ಲಿ ಬೇಯುವ ವಾಸನೆ ನಮ್ಮ ಮನೆಯಲ್ಲಿ ವರ್ಷಕ್ಕೆ ಒಂದೇ ದಿನ ಏಳುತ್ತದೆ. ಚಿಕ್ಕವಳಿದ್ದಾಗ ಈ ವಾಸನೆಗೆ ನನಗೆ ಹಸಿವಾಗುತ್ತಿತ್ತು. 2020ರ ನಂತರ ಮುಖ ಬಿಸಿಯಾಗುತ್ತದೆ.

ನಮ್ಮ ಮನೆ ಇರುವುದು ಕೋಡಿಂಬಾಳದಲ್ಲಿ, ಕಡಬದಿಂದ ಸ್ವಲ್ಪ ಒಳಗೆ. ತಂದೆಯ ಕಡೆಯ ಅಜ್ಜ ಕೇರಳದಿಂದ ಬಂದು ಇಲ್ಲಿ ಜಾಗ ಮಾಡಿದವರು. ಮೊದಲು ಮರಗೆಣಸು, ಆಮೇಲೆ ರಬ್ಬರ್. ನಾನೂ ಅಮ್ಮನೂ ಹುಟ್ಟಿದ್ದು ಈ ಕಡೆಯಲ್ಲಿಯೇ. ಮನೆಯೊಳಗೆ ನಾವು ಮಾತಾಡುವುದು ಮಲಯಾಳ, ಗೇಟಿನಿಂದ ಆಚೆ ಕನ್ನಡ ಮತ್ತು ತುಳು. ಮನೆಯೊಳಗಿನ ಮಾತನ್ನೂ ಇಲ್ಲಿ ಕನ್ನಡದಲ್ಲಿಯೇ ಬರೆದಿದ್ದೇನೆ.

ಪೆಸಹ ಎಂದರೆ ಈಸ್ಟರಿಗೆ ಮೊದಲಿನ ಗುರುವಾರ. ಯೇಸು ಶಿಷ್ಯರ ಜೊತೆ ಕೊನೆಯ ಊಟ ಮಾಡಿದ ದಿನ. ಆ ಸಂಜೆ ನಮ್ಮ ಮನೆಗಳಲ್ಲಿ ಹುಳಿ ಬರಿಸದ ಹಿಟ್ಟಿನ ಅಪ್ಪಂ ಮಾಡಿ, ಮೇಲೆ ಗರಿಯ ಶಿಲುಬೆ ಇಟ್ಟು, ಮನೆಯ ಹಿರಿಯರು ಮುರಿದು ಎಲ್ಲರಿಗೂ ಹಂಚುತ್ತಾರೆ. ಕುಡಿಯಲಿಕ್ಕೆ ತೆಂಗಿನ ಹಾಲು ಬೆಲ್ಲ ಹಾಕಿ ಕಾಯಿಸಿದ್ದು. ಆದರೆ ವರ್ಷದೊಳಗೆ ಸಾವಾದ ಮನೆಯಲ್ಲಿ ಅಪ್ಪಂ ಮಾಡುವ ಹಾಗಿಲ್ಲ. ಆ ಮನೆಗೆ ಹೊರಗಿನವರು ತಂದುಕೊಡಬೇಕು. ಇಂಥವರೇ ತರಬೇಕೆಂದು ಯಾರೂ ಗೊತ್ತು ಮಾಡುವುದಿಲ್ಲ, ಸಂಬಂಧಿಕರೋ ನೆರೆಯವರೋ ತರುತ್ತಾರೆ, ಅಷ್ಟೆ. ಯಾರೂ ತರದೆ ಉಳಿದ ಮನೆಯ ಸುದ್ದಿ ನಾನು ಕೇಳಿರಲಿಲ್ಲ.

2019ರ ನವೆಂಬರಿನಲ್ಲಿ ಪಪ್ಪ ಹೃದಯಾಘಾತದಿಂದ ತೀರಿಹೋದರು. ನಾನು ಆಗ ಪುತ್ತೂರಿನ ಹಾಸ್ಟೆಲಿನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದೆ. ಮಾರ್ಚ್ ಪರೀಕ್ಷೆಯಲ್ಲಿ ಎಲ್ಲ ಮುಗಿದು ಇಂಗ್ಲಿಷ್ ಒಂದು ಉಳಿದಿತ್ತು. ಭಾನುವಾರ ಜನತಾ ಕರ್ಫ್ಯೂ. ಸೋಮವಾರದ ಇಂಗ್ಲಿಷ್ ಪರೀಕ್ಷೆ ಮುಂದೆ ಹೋಯಿತು. ಹಾಸ್ಟೆಲ್ ಮುಚ್ಚಿತು. ಕಾಣಿಯೂರು ದಾರಿಯಾಗಿ ಬರುವ ತರಕಾರಿ ಪಿಕಪ್ಪಿನಲ್ಲಿ, ಖಾಲಿ ಟೊಮೆಟೊ ಪೆಟ್ಟಿಗೆಗಳ ನಡುವೆ ಕುಳಿತು ಮನೆ ಸೇರಿದೆ.

ದಿನಚರಿ ಬರೆಯುವ ಅಭ್ಯಾಸ ನನಗೆ ಎಂಟನೇ ತರಗತಿಯಿಂದ ಉಂಟು. ಬರೆಯುವುದು ದೊಡ್ಡ ವಿಷಯವೇನಲ್ಲ. ಬಿಸಿಲೋ ಮೋಡವೋ, ಎಷ್ಟು ರಬ್ಬರ್ ಶೀಟ್ ಆಯಿತು, ಕೋಡಿಂಬಾಳ ಸ್ಟೇಷನ್ನಿನಲ್ಲಿ ಎಷ್ಟು ರೈಲು ಕೂಗಿತು, ಇಂಥವು. ಲಾಕ್‌ಡೌನಿನ ಮೊದಲ ವಾರದಲ್ಲಿ ರೈಲಿನ ಜಾಗದಲ್ಲಿ ಸೊನ್ನೆ ಬರೆಯುತ್ತಾ ಹೋದೆ. ರೈಲು ಕೂಗದೆ ಅಮ್ಮನಿಗೆ ಬೆಳಗಿನ ಹೊತ್ತು ತಪ್ಪುತ್ತಿತ್ತು. ಪಪ್ಪ ಇದ್ದಾಗ ಟ್ಯಾಪಿಂಗ್, ಎಂದರೆ ರಬ್ಬರ್ ಮರ ಕೆತ್ತಿ ಹಾಲು ಇಳಿಸುವ ಕೆಲಸ, ಅವರದು. ಈಗ ಅಮ್ಮ ತಲೆಗೆ ಲೈಟು ಕಟ್ಟಿಕೊಂಡು ತಾನೇ ಹೋಗುತ್ತಿದ್ದಳು. ಶೀಟು ಕೊಳ್ಳುವ ಅಂಗಡಿ ಮುಚ್ಚಿತ್ತು. ಶೀಟು ಒಣಗಿಸುವ ಹೊಗೆಗೂಡಿನಲ್ಲಿ ಅಟ್ಟಿ ಬಿದ್ದಿತ್ತು. ಒಂದು ದಿನ ರಬ್ಬರ್ ಹಾಲು ಹೆಪ್ಪಾಗಿಸುವ ಆಸಿಡ್ಡೂ ಮುಗಿಯಿತು.

ಅದನ್ನು ಕೊಟ್ಟದ್ದು ದೇವಕಿಯಕ್ಕನ ಮನೆಯವರು. ನಮ್ಮ ಗೇಟಿನ ಎದುರಿಗೆ ಇಳಿದು, ಸಣ್ಣ ನೀರಿನ ತೋಡು ದಾಟಿದರೆ ಅವರ ಮನೆ. ಅರೆಭಾಷೆ ಮಾತಾಡುವ ಗೌಡರ ಮನೆ. ಅವರಿಗೂ ಸ್ವಲ್ಪ ರಬ್ಬರ್ ಉಂಟು. ದೇವಕಿಯಕ್ಕ ಅರ್ಧ ಬಾಟಲಿ ಆಸಿಡ್ ತಂದು ಗೇಟಿನ ಗೋಡೆಯ ಮೇಲೆ ಇಟ್ಟು ಅಲ್ಲಿಂದಲೇ ಕೂಗಿದ್ದರು: "ರೋಸಮ್ಮಾ, ಬಾಟಲಿ ಉಂಟು ಇಲ್ಲಿ! ಶರಬತ್ತು ಅಂತ ಕುಡಿದು ಬಿಡಬೇಡಿ ಮತ್ತೆ!" ಪಪ್ಪ ಹೋದ ನಂತರ ಅಮ್ಮ ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದು ಮೊದಲ ಸಲ.

ಅಮ್ಮ ಬದಲಾದದ್ದು ನನ್ನ ಜೊತೆ ಕಡಬದ ಪೇಟೆಗೆ ಹೋಗಿ ಬಂದ ದಿನ. ಬೆಳಿಗ್ಗೆ ಕೆಲವು ಗಂಟೆ ಅಂಗಡಿ ತೆರೆಯುತ್ತಿತ್ತು. ರಸ್ತೆಯಲ್ಲಿ ಸುಣ್ಣದಿಂದ ವೃತ್ತ ಬರೆದು ಒಬ್ಬೊಬ್ಬರನ್ನು ಅದರೊಳಗೆ ನಿಲ್ಲಿಸಿದ್ದರು. ಅಮ್ಮನ ಸರದಿ ಬಂದಾಗ ಅಂಗಡಿಯವರು ಅಕ್ಕಿ ತೂಗುತ್ತಾ ಕೇಳಿದರು:

"ನಿಮ್ಮ ಊರಿಂದ ಯಾರೂ ಬರಲಿಲ್ಲ ಅಲ್ಲ?"

"ಯಾವ ಊರು? ನಮ್ಮ ಊರು ಇದೇ."

"ಅಲ್ಲ, ಕೇರಳದಿಂದ ಅಂತ. ಕಾಸರಗೋಡಲ್ಲಿ ಕೊರೋನ ಭಾರೀ ಉಂಟಂತೆ."

ಹಿಂದಿನ ವೃತ್ತದಲ್ಲಿದ್ದವನೊಬ್ಬ ಮಲಯಾಳದಲ್ಲಿ ಅಕ್ಕ ಎಂದು ಕರೆದು, "ಚೇಚಿ, ಮಾಸ್ಕ್ ಸ್ವಲ್ಪ ಮೇಲೆ ಮಾಡಿ ಮಾರಾಯ್ರೆ, ಇವತ್ತು ಗಾಳಿ ಆ ಕಡೆಯಿಂದಲೇ ಬರುದು" ಎಂದ. ಸಾಲಿನಲ್ಲಿ ನಾಲ್ಕೈದು ಜನ ನಕ್ಕರು. ನಕ್ಕವರಲ್ಲಿ ಪಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರೊಬ್ಬರು ಇದ್ದರು.

ಅಮ್ಮ ಸಾಮಾನು ತೆಗೆದುಕೊಂಡಳು. ಮನೆಗೆ ಬಂದು ಚೀಲವನ್ನು ಬಿಸಿಲಿಗಿಟ್ಟು, "ಇನ್ನು ನಮ್ಮ ಬಗ್ಗೆ ಯಾರಿಗೂ ಬಾಯಿ ತೆರೆಯಲಿಕ್ಕೆ ಎಡೆ ಕೊಡಬಾರದು" ಎಂದಳು. ಅಂದಿನಿಂದ ಗೇಟಿಗೆ ಹಗಲೂ ಚಿಲಕ ಬಿತ್ತು. ನಾಣ್ಯಗಳನ್ನು ಸೋಪಿನ ನೀರಿಗೆ ಹಾಕಿದಳು. ಕೇರಳದಲ್ಲಿದ್ದ ತಂಗಿಗೆ ಫೋನ್ ಮಾಡುವುದನ್ನು ಸಹ ಕಡಿಮೆ ಮಾಡಿದಳು, ಫೋನಿನಲ್ಲಿ ಏನೋ ಬಂದುಬಿಡುತ್ತದೆ ಎನ್ನುವ ಹಾಗೆ.

ಅದಾಗಿ ಎರಡು ದಿನಕ್ಕೆ ದೇವಕಿಯಕ್ಕನ ಮಗ ಯತೀಶಣ್ಣ ಬಂದ. ಅವನಿಗೆ ಕಾಸರಗೋಡಿನ ಒಂದು ಬೇಕರಿಯಲ್ಲಿ ಕೆಲಸ. ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿದ್ದರಿಂದ ಒಳದಾರಿಗಳಲ್ಲಿ ನಡೆದು, ಸುಳ್ಯದಿಂದ ಬೆಳ್ಳಾರೆಗೆ ಹಾಲಿನ ವಾಹನ ಹತ್ತಿ, ಅಲ್ಲಿಂದ ಮತ್ತೆ ನಡೆದು ಮನೆ ಮುಟ್ಟಿದ್ದ. ಕಾಲಿನಲ್ಲಿ ಬೊಬ್ಬೆ ಎದ್ದಿತ್ತಂತೆ. ಆಶಾ ಕಾರ್ಯಕರ್ತೆ ಬಂದು ಹದಿನಾಲ್ಕು ದಿನ ಬೇರೆ ಕೋಣೆಯಲ್ಲಿರಬೇಕು ಎಂದು ಹೇಳಿ ಹೋದರು. ಅವನಿಗೆ ಜ್ವರವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ದೇವಕಿಯಕ್ಕನ ಮನೆಯವರು ತಾವಾಗಿಯೇ ತೋಡು ದಾಟಿ ಬರುವುದನ್ನು ನಿಲ್ಲಿಸಿದರು. ಕೇಳದೆಯೇ ನಿಲ್ಲಿಸಿದರು ಎನ್ನುವುದನ್ನು ನಾನು ಆಗ ಗಮನಿಸಲೇ ಇಲ್ಲ. ನಾನು ಮಾಡಿದ್ದು, ಅವನು ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ದಿನಕ್ಕೊಂದು ಗೀಟು ಎಳೆದದ್ದು.

ಈಸ್ಟರಿಗೆ ಹಿಂದಿನ ಭಾನುವಾರ ಚರ್ಚಿನಲ್ಲಿ ಗರಿ ಹಂಚುತ್ತಾರೆ. ಆ ಗರಿಗಳ ಭಾನುವಾರ ಇಗರ್ಜಿ ಮುಚ್ಚಿತ್ತು, ಮನೆಗೆ ಗರಿ ಬರಲಿಲ್ಲ. ಸಿಗ್ನಲ್ ಸಿಗುವ ಕಿಟಕಿಯಲ್ಲಿ ಫೋನ್ ಇಟ್ಟು ಪೂಜೆ ನೋಡಿದೆವು. ಅರ್ಧದಲ್ಲಿ ಗುರುಗಳು ಕೈ ಎತ್ತಿದಲ್ಲಿಗೇ ನಿಂತುಬಿಟ್ಟರು. ಅಮ್ಮ ಆ ನಿಂತ ಚಿತ್ರದ ಎದುರು ಮಂಡಿಯೂರಿಯೇ ಇದ್ದಳು.

ಪೆಸಹದ ಗುರುವಾರ ಮಧ್ಯಾಹ್ನ ಪೇರಪ್ಪನ್ ಫೋನ್ ಮಾಡಿದರು. ಪೇರಪ್ಪನ್ ಎಂದರೆ ಪಪ್ಪನ ಅಣ್ಣ, ನೆಲ್ಯಾಡಿಯಲ್ಲಿರುವವರು. ಅಪ್ಪಂ ಅವರ ಮನೆಯಿಂದ ಬರುವುದೆಂದು ನಾವು ತಿಳಿದಿದ್ದೆವು.

"ರೋಸಮ್ಮಾ, ರಸ್ತೆಯಲ್ಲಿ ಪೊಲೀಸರಿದ್ದಾರೆ. ಅಪ್ಪಂ ಉಂಟು, ಬಿಡಿ ಅಂದರೆ ನನ್ನ ಬೆನ್ನಿಗೇ ಶಿಲುಬೆ ಬರೆದು ಕಳಿಸ್ತಾರೆ. ಮುಂದಿನ ವರ್ಷ ನೋಡುವ."

"ಮುಂದಿನ ವರ್ಷ ನಾನೇ ಮಾಡ್ತೇನೆ ಅಣ್ಣ" ಎಂದಳು ಅಮ್ಮ. "ಈ ವರ್ಷದ್ದು ಈ ವರ್ಷವೇ ಬರಬೇಕಿತ್ತು."

ಫೋನ್ ಇಟ್ಟು ಅಡುಗೆಮನೆಗೆ ಹೋದಳು. ಸುತ್ತಿನ ನಮ್ಮವರ ಮನೆಗಳಲ್ಲಿ ಎಲ್ಲರೂ ಅವರವರ ಬಾಗಿಲ ಒಳಗಿದ್ದರು. ಯಾರಾದರೂ ಬಂದಾರೋ ಎಂದು ಅಮ್ಮ ಗೇಟಿನ ಕಡೆ ನೋಡುತ್ತಿದ್ದಳು. ಒಂದು ಸಲ ಚಿಲಕ ತೆಗೆದು ಬಂದಳು. "ಪಪ್ಪನನ್ನು ಎಲ್ಲರೂ ಮರೆತರು" ಎಂದಳು. ಅಮ್ಮನಿಗೆ ಅಪ್ಪಂ ಎಷ್ಟು ಬೇಕಿತ್ತು ಎನ್ನುವುದು ಗೊತ್ತಿಲ್ಲದಿದ್ದರೆ ಮುಂದೆ ನಡೆದದ್ದು ನನಗೆ ಇಷ್ಟು ನಾಚಿಕೆ ತರುತ್ತಿರಲಿಲ್ಲ.

ಐದೂವರೆಗೆ, ಪಡುವಣದಲ್ಲಿ ಮೋಡ ಕಟ್ಟಿ ಸೆಖೆ ಹೆಚ್ಚಾದ ಹೊತ್ತಿನಲ್ಲಿ, ಗೇಟಿನ ಹೊರಗೆ ದೇವಕಿಯಕ್ಕ ನಿಂತಿದ್ದರು. ಮುಖಕ್ಕೆ ಸೀರೆಯ ಸೆರಗು, ಕೈಯಲ್ಲಿ ಮುಚ್ಚಳದ ಸ್ಟೀಲ್ ಪಾತ್ರೆ. ಒಳಗೆ ಬರಲಿಲ್ಲ.

"ರೋಸಮ್ಮಾ, ಇಲ್ಲಿಂದಲೇ ಹೇಳ್ತೇನೆ, ಹತ್ತಿರ ಬರಬೇಡಿ. ಈ ವರ್ಷ ನೀವು ಮಾಡ್ಲಿಕ್ಕಿಲ್ಲ ಅಲ್ಲ? ನಿಮ್ಮ ಯಜಮಾನ್ರು ಒಮ್ಮೆ ಹೇಳಿದ್ದು ನನಗೆ ನೆನಪುಂಟು. ನಮ್ಮಲ್ಲಿಯೂ ಹಾಗೇ, ಸೂತಕದ ವರ್ಷ ಹಬ್ಬ ಇಲ್ಲ. ನಾನು ಮಾಡಿ ತಂದೆ."

ಅಮ್ಮ ಅಂಗಳದ ಮಧ್ಯ ನಿಂತಳು. ದೇವಕಿಯಕ್ಕ ಮುಚ್ಚಳ ತೆಗೆದು ತೋರಿಸಿದರು. ಬಾಳೆಲೆಯ ಮೇಲೆ ದುಂಡಗಿನ, ಬೆಳ್ಳಗಿನ, ಹತ್ತಿಯ ಹಾಗೆ ಉಬ್ಬಿದ ಅಪ್ಪಂ. ಮೇಲೆ ತೆಂಗಿನ ಗರಿಯ ಎರಡು ಸೀಳು ಅಡ್ಡಡ್ಡವಾಗಿ ಇಟ್ಟಿದ್ದರು.

"ನಿಮ್ಮದು ಪ್ರತಿ ವರ್ಷ ಸ್ವಲ್ಪ ಕಲ್ಲಿನ ಹಾಗೆ ಆಗ್ತದೆ, ಬೇಜಾರು ಮಾಡಬೇಡಿ. ನಿಮಗೆ ಆ ದಿನ ಇಗರ್ಜಿಗೆ ಹೋಗ್ಲಿಕ್ಕೆ ಅವಸರ. ನಾನು ನಿನ್ನೆಯೇ ಅರೆದು ಇಡೀ ರಾತ್ರಿ ಇಟ್ಟು ಚಂದ ಹುಳಿ ಬರಿಸಿದ್ದೇನೆ. ನೋಡಿ, ಹೇಗೆ ಬಂದಿದೆ!"

ವರ್ಷ ವರ್ಷ ನಮ್ಮ ಮನೆಯಿಂದ ಹೋದ ಅಪ್ಪಂ ತಿಂದು, ಅದರಲ್ಲಿ ಏನೇನುಂಟು ಎಂದು ನಾಲಿಗೆಯಲ್ಲಿಯೇ ತಿಳಿದು ಮಾಡಿದ್ದರು. ಗಟ್ಟಿಯಾಗಿರುವುದು ಅಮ್ಮನ ಕೈತಪ್ಪು ಎಂದುಕೊಂಡಿದ್ದರು. ಹುಳಿ ಬರಿಸಬಾರದು ಎನ್ನುವುದನ್ನು ನಾವು ಅವರಿಗೆ ಯಾವತ್ತೂ ಹೇಳಿರಲಿಲ್ಲ.

ಅಮ್ಮ ಪಾತ್ರೆಯನ್ನು ನೋಡಿದಳು, ದೇವಕಿಯಕ್ಕನ ಕೈಯನ್ನು ನೋಡಿದಳು, ತೋಡಿನಾಚೆ ಅವರ ಮನೆಯನ್ನು ನೋಡಿದಳು. ಆಮೇಲೆ, "ಹುಳಿ ಬಂದದ್ದು ನಮಗೆ ಇವತ್ತು ಆಗುದಿಲ್ಲ ದೇವಕಿಯಕ್ಕ. ಅದು ಪೆಸಹಕ್ಕೆ ಕೂಡದು" ಎಂದಳು. ಹೇಳುವಾಗ ಅವಳ ಧ್ವನಿಯಲ್ಲಿ ಒಂದು ಬಿಡುಗಡೆ ಇತ್ತು. ಪಕ್ಕದಲ್ಲಿ ನಿಂತ ನನಗೆ ಅದು ಕೇಳಿಸಿತು.

"ಅಯ್ಯೋ ದೇವರೆ!" ದೇವಕಿಯಕ್ಕ ಮುಚ್ಚಳ ಹಾಕಿದರು. "ನನಗೆ ಗೊತ್ತೇ ಇರಲಿಲ್ಲ ಮಾರಾಯ್ತಿ. ಎಂಥ ಕೆಲಸ ಮಾಡಿದೆ ನಾನು! ಒಳ್ಳೆದಾಗಲಿ ಅಂತ ಮಾಡಿ ನಿಮ್ಮ ಹಬ್ಬ ಕೆಡಿಸ್ತಿದ್ದೆ."

"ಪರವಾಗಿಲ್ಲ. ನಿಮ್ಮ ಮನಸ್ಸು ಬಂತಲ್ಲ, ಸಾಕು."

"ಸಾಕು ಎಂತದ್ದು? ಹುಳಿ ಬರಿಸದೆ ಮಾಡಿದರೆ ಆಗ್ತದಾ?"

ಉತ್ತರಕ್ಕೆ ದೇವಕಿಯಕ್ಕ ಕಾಯಲಿಲ್ಲ. "ಅಕ್ಕಿಹಿಟ್ಟು ಉಂಟು ಮನೆಯಲ್ಲಿ. ಹಬೆಗೆ ಎಷ್ಟು ಹೊತ್ತು! ಕತ್ತಲೆ ಆಗುವ ಮೊದಲು ತರ್ತೇನೆ" ಎನ್ನುತ್ತಾ ಆಗಲೇ ತಿರುಗಿದ್ದರು. ಅವರಿಗೆ ಮಂಡಿನೋವು. ತೋಡಿನ ಕಲ್ಲುಗಳ ಮೇಲೆ ಒಂದೊಂದೇ ಕಾಲಿಟ್ಟು ಇಳಿದದ್ದು ಕಾಣುತ್ತಿತ್ತು.

ಅಮ್ಮ ಒಳಗೆ ಬಂದು ಕುಳಿತಳು. ಕುಳಿತಲ್ಲಿಂದಲೇ ಕೇಳಿದಳು: "ಯತೀಶ ಬಂದು ಎಷ್ಟು ದಿನ ಆಯಿತು ಮಗಳೇ?"

ನಾನು ಕ್ಯಾಲೆಂಡರಿನ ಗೀಟು ಎಣಿಸಿ, "ಹನ್ನೆರಡು" ಎಂದೆ.

"ಹದಿನಾಲ್ಕು ಆಗಲಿಲ್ಲ."

"ಆಗಲಿಲ್ಲ."

ನನ್ನ ಲೆಕ್ಕ ಸರಿಯಾಗಿತ್ತು. ಲೆಕ್ಕ ಸರಿ ಇರುವುದರಲ್ಲಿ ನನಗೆ ಯಾವಾಗಲೂ ಒಂದು ಹೆಮ್ಮೆ.

ದೇವಕಿಯಕ್ಕ ಹೇಳಿದ ಹಾಗೆಯೇ ಕತ್ತಲೆ ಆಗುವ ಮೊದಲು ಬಂದರು. ಅಮ್ಮ ಕಿಟಕಿಯಿಂದ ನೋಡಿ, "ಬಾಗಿಲು ಹಾಕು" ಎಂದಳು. ನಾನು ಹಾಕಿದೆ. ಲೈಟು ಹಾಕಲಿಲ್ಲ. ಈ ಸಲ ಹೇಳಲಿಕ್ಕೆ ಯಾವ ನಿಯಮವೂ ನಮ್ಮ ಹತ್ತಿರ ಉಳಿದಿರಲಿಲ್ಲ.

"ರೋಸಮ್ಮಾ!" ಗೇಟಿನಿಂದ ಕೂಗಿದರು. "ರೋಸಮ್ಮಾ, ಇದು ಕಲ್ಲಿನ ಹಾಗೇ ಆಗಿದೆ! ನಿಮ್ಮದಕ್ಕಿಂತ ಗಟ್ಟಿ!"

ಸ್ವಲ್ಪ ತಡೆದು, "ಜಿನ್ಸೀ" ಎಂದು ನನ್ನ ಹೆಸರು ಹಿಡಿದು ಕರೆದರು. ಹೊಗೆಗೂಡಿನಲ್ಲಿ ಅಮ್ಮ ಹೊತ್ತಿಸಿದ ಬೆಂಕಿ ಆರಿರಲಿಲ್ಲ, ಹೊಗೆ ಹೊರಗೆ ಕಾಣುತ್ತಿತ್ತು. ನಾವು ಮನೆಯಲ್ಲಿ ಇಲ್ಲ ಎಂದು ಯಾರೂ ನಂಬುವ ಹಾಗಿರಲಿಲ್ಲ. ಆ ದಿನಗಳಲ್ಲಿ ಯಾರು ತಾನೇ ಮನೆಯಲ್ಲಿ ಇರಲಿಲ್ಲ? ಅಮ್ಮ ನೆಲ ನೋಡುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಚಿಲಕಕ್ಕೂ ನನ್ನ ಕೈಗೂ ನಡುವೆ ಒಂದು ಗೇಣೂ ಇರಲಿಲ್ಲ.

ಮೂರನೆಯ ಸಲ ಅವರು ಕೂಗಲಿಲ್ಲ. ಪಾತ್ರೆಯನ್ನು ಗೋಡೆಯ ಮೇಲೆ ಇಟ್ಟ ಸದ್ದು ಕೇಳಿತು. ಹೋಗುವಾಗ ಅವರು ಒಂದು ಮಾತೂ ಆಡಲಿಲ್ಲ. ಯಾವಾಗಲೂ ನಮ್ಮ ನಾಯಿಯ ಹತ್ತಿರವಾದರೂ ಏನಾದರೂ ಹೇಳಿ ಹೋಗುವವರು.

ಅಮ್ಮ ಹೊರಗೆ ಹೋಗಿ ಅದನ್ನು ತರಲಿಲ್ಲ. ನನಗೂ ಹೇಳಲಿಲ್ಲ. ಹೇಳದಿದ್ದರೂ ನಾನು ತರಬಹುದಿತ್ತು. ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು ಮೋಡ, ಗುಡುಗು ಮತ್ತು "ಈ ವರ್ಷ ಪೆಸಹ ಇಲ್ಲ" ಎಂದು. ಬೆಳಿಗ್ಗೆ ನಾವು ಏಳುವ ಮೊದಲೇ ದೇವಕಿಯಕ್ಕ ಬಂದು ಪಾತ್ರೆ ತೆಗೆದುಕೊಂಡು ಹೋಗಿದ್ದರು. ಅದು ಅಲ್ಲಿಯೇ ಉಳಿದು, ಕಾಗೆ ಕುಕ್ಕಿ, ಹಗಲಿಗೆ ನಾಲ್ಕು ಜನ ನೋಡಿ ಕೇಳುವಂತಾಗಬಾರದು ಎಂದು ಇರಬೇಕು. ನಮ್ಮ ಮಾನವನ್ನೂ ಅವರೇ ಉಳಿಸಿದರು.

ಯತೀಶಣ್ಣನ ಹದಿನಾಲ್ಕು ದಿನ ಮುಗಿಯಿತು. ಅವನಿಗೆ ಏನೂ ಆಗಲಿಲ್ಲ. ಜೂನ್‌ನಲ್ಲಿ ನಾನು ಪುತ್ತೂರಿಗೆ ಹೋಗಿ ಇಂಗ್ಲಿಷ್ ಪರೀಕ್ಷೆ ಬರೆದು ಬಂದೆ. ನನ್ನನ್ನು ಬೈಕಿನಲ್ಲಿ ಕರೆದುಕೊಂಡು ಹೋಗಿ, ಹೊರಗೆ ಮಳೆಯಲ್ಲಿ ಕಾದು, ವಾಪಸು ಕರೆತಂದವನು ಯತೀಶಣ್ಣ. ಅಮ್ಮ ಕೇಳಿದ್ದಲ್ಲ. ದೇವಕಿಯಕ್ಕ ಕಳಿಸಿದ್ದು. ದಾರಿಯಲ್ಲಿ ಅವನು, "ಎಂತ ಮಾರಾಯ್ತಿ, ಇಂಗ್ಲಿಷಿಗೆ ಹೆದರಿ ಮಾತೇ ಬಿಟ್ಟಿದ್ದೀಯಾ?" ಎಂದು ಕೇಳಿದ. ನಾನು ಹೌದು ಎಂದೆ.

ಮರುವರ್ಷ ಅಮ್ಮ ಅಪ್ಪಂ ಮಾಡಿ ಮೊದಲ ಪಾಲನ್ನು ನನ್ನ ಕೈಯಲ್ಲಿ ದೇವಕಿಯಕ್ಕನ ಮನೆಗೆ ಕಳಿಸಿದಳು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಮ್ಮ ಹೇಗಿದ್ದಾರೆ, ನನ್ನ ಕಾಲೇಜು ಹೇಗುಂಟು ಎಂದು ಕೇಳಿದರು. ಒಳಗೆ ಹೋಗಿ ಪಾತ್ರೆ ತೊಳೆದು, ಒರೆಸಿ, ಕೊಟ್ಟರು. ಖಾಲಿ ಪಾತ್ರೆ. ನಮ್ಮೂರಿನಲ್ಲಿ ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲ. ಮೊದಲೆಲ್ಲ ದೇವಕಿಯಕ್ಕನ ಮನೆಯಿಂದ ನಮ್ಮ ಪಾತ್ರೆ ಬರುವಾಗ ಒಂದು ಹಿಡಿ ಹಲಸಿನ ಬೀಜ, ಎರಡು ಲಿಂಬೆ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರುತ್ತಿತ್ತು. ಅವರಿಗೆ ಮರೆತಿರಬೇಕು ಎಂದುಕೊಂಡೆ. ಅದರ ಮರುವರ್ಷವೂ ಖಾಲಿ. ಮತ್ತೆರಡು ವರ್ಷವೂ ಖಾಲಿ. ಪ್ರತಿ ಸಲವೂ ಫಳಫಳ ತೊಳೆದು, ಒಂದು ಹನಿ ನೀರಿಲ್ಲದ ಹಾಗೆ ಒರೆಸಿದ್ದು. ಬೈದಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು.

ಕ್ಷಮೆ ಕೇಳುವ ಎಂದು ನಾನು ಅಮ್ಮನಿಗೆ ಹೇಳಿದ್ದುಂಟು.

"ಎಂತ ಹೇಳಿ ಕೇಳುದು? ಹುಳಿ ಬಂದದ್ದು ನಾವು ತಿನ್ನುದಿಲ್ಲ ಅಂದದ್ದು ಸುಳ್ಳಾ?"

"ಎರಡನೆಯದ್ದು?"

ಅಮ್ಮ ಎದ್ದು ಶೀಟು ಮಗುಚಲಿಕ್ಕೆ ಹೋದಳು. ಅಂಗಡಿಯ ಸಾಲಿನಲ್ಲಿ ನಕ್ಕವರನ್ನು ಅವಳು ಇಂದಿಗೂ ಹೆಸರು ಹಿಡಿದು ಬೈಯುತ್ತಾಳೆ. ಅವರನ್ನು ಬೈಯುವ ಬಾಯಿ ನಮಗುಂಟೇ ಎಂದು ನಾನು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತೇನೆ.

ಕಳೆದ ಕ್ರಿಸ್ಮಸ್ಸಿಗೆ ಪೇರಪ್ಪನ್ ಬಂದಿದ್ದರು. ಅವರಿಗೆ ಈಗ ವಯಸ್ಸಾಗಿದೆ, ಹಳೆಯದು ಹೆಚ್ಚು ನೆನಪು. ಅಜ್ಜ ಇಲ್ಲಿಗೆ ಬಂದ ಹೊಸತರಲ್ಲಿ ಪೇರಪ್ಪನ್ ಅವರ ಪುಟ್ಟ ತಂಗಿಯೊಬ್ಬಳು ಜ್ವರ ಬಂದು ತೀರಿಕೊಂಡಿದ್ದಳಂತೆ. ಈ ಮಣ್ಣಿನಲ್ಲಿ ನಮ್ಮ ಕುಟುಂಬದ ಮೊದಲ ಸಾವು ಅದು. ಆಗ ನಡೆದು ಹೋಗುವಷ್ಟು ದೂರದಲ್ಲಿ ನಮ್ಮವರ ಮನೆ ಒಂದೂ ಇರಲಿಲ್ಲ. ಹಾಗಾದರೆ ಆ ವರ್ಷ ಅಪ್ಪಂ ಯಾರು ತಂದರು ಎಂದು ನಾನು ಕೇಳಿದೆ.

"ಒಬ್ಬರು ಹೆಂಗಸು ತಂದರು" ಎಂದರು. "ಬಣ್ಣದ ಸೀರೆ ಉಟ್ಟಿದ್ದರು, ಅದು ನೆನಪುಂಟು. ನಮ್ಮ ಹೆಂಗಸರು ಆಗ ಬಿಳಿ ಬಟ್ಟೆ ಮಾತ್ರ ಹಾಕ್ತಿದ್ದದ್ದು. ಮೊರದಲ್ಲಿ ಬಾಳೆಲೆ ಇಟ್ಟು ತಂದಿದ್ದರು. ನಮ್ಮ ಅಮ್ಮ ಅವರನ್ನು ಹಿಡಿದುಕೊಂಡು ತುಂಬ ಅತ್ತರು."

ಅದನ್ನು ನಾನು ಅಮ್ಮನಿಗೆ ಹೇಳಿದ್ದು ಇವತ್ತು ಮಧ್ಯಾಹ್ನ, ಅವಳು ಹಿಟ್ಟು ಕಲಸುತ್ತಿದ್ದಾಗ. ಅಮ್ಮ ಕೈ ನಿಲ್ಲಿಸಿದಳು.

"ನಮ್ಮವರು ತೆಗೆದುಕೊಂಡರಂತಾ?"

"ತೆಗೆದುಕೊಂಡರಂತೆ. ಪೇರಪ್ಪನ್ ಎರಡು ತುಂಡು ತಿಂದರಂತೆ."

"ಹುಳಿ ಬಂದದ್ದಾ?"

"ಅದು ಅವರಿಗೆ ನೆನಪಿಲ್ಲ."

ಕೋಡಿಂಬಾಳ, ಕಡಬ, ನೆಲ್ಯಾಡಿಯ ಕಡೆಯ ಹಿರಿಯರು ಯಾರಾದರೂ ಇದನ್ನು ಓದಿದರೆ, ಅಥವಾ ಅವರಿಗೆ ಯಾರಾದರೂ ಓದಿ ಹೇಳಿದರೆ, ಒಂದು ಉಪಕಾರ ಮಾಡಿ. ಕೇರಳದಿಂದ ಬಂದವರ ಮೊದಲ ಮನೆಗಳಲ್ಲಿ ಸಾವಾದ ವರ್ಷ, ಪೆಸಹದ ದಿನ ಅಪ್ಪಂ ತಂದುಕೊಟ್ಟವರು ಯಾರು, ಯಾವ ಮನೆಯವರು, ಅದನ್ನು ಮಾಡಲು ಅವರಿಗೆ ಕಲಿಸಿದವರು ಯಾರು ಎಂದು ಗೊತ್ತಿದ್ದರೆ ನನಗೆ ಬರೆಯಿರಿ. ಬಣ್ಣದ ಸೀರೆಯ ಆ ಹೆಂಗಸಿನ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ. ಅವರ ಮನೆ ತೋಡಿನ ಆಚೆಯದ್ದೇ ಆಗಿದ್ದರೆ, ನಮಗೆ ಬೇಸರವಾದೀತೆಂದು ಮುಚ್ಚಿಡಬೇಡಿ. ಇಷ್ಟರಲ್ಲಿ ಅಪ್ಪಂ ಬೆಂದಿದೆ, ಅಮ್ಮ ಪಾತ್ರೆಗೆ ಮುಚ್ಚಳ ಹಾಕಿ ಮೇಜಿನ ಮೇಲೆ ಇಟ್ಟಿದ್ದಾಳೆ. "ಈ ವರ್ಷ ದೇವಕಿಯಕ್ಕನಿಗೆ ನಾನೇ ಕೊಟ್ಟು ಬರ್ತೇನೆ" ಎಂದು ಹೇಳಿ ಸೀರೆ ಬದಲಾಯಿಸಲು ಹೋದವಳು ಇನ್ನೂ ಕೋಣೆಯಿಂದ ಹೊರಗೆ ಬಂದಿಲ್ಲ.